ಅಡುಗೆ ಕಟ್ಟೆಯ ದುಂಡು ಮೂಲೆ: ಮೊದಲು ಸೆಂಟರ್, ಆಮೇಲೆ ಕಂಬ

(ಬೆಂಗಳೂರಿನಲ್ಲಿ ಮರಗೆಲಸದವರು ಮತ್ತು ಮನೆ ಕಟ್ಟಿಸುತ್ತಿರುವವರ ಮುಂದೆ ಆಡಿದ ಮಾತುಗಳ ಬರಹ ರೂಪ)

ಇವತ್ತು ನಾನು ಮಾತಾಡುವುದು ಅಡುಗೆಮನೆಯ ಒಂದೇ ಒಂದು ಮೂಲೆಯ ಬಗ್ಗೆ. ಕಟ್ಟೆ ಮುಗಿದು ಓಡಾಡುವ ಜಾಗ ಶುರುವಾಗುತ್ತದಲ್ಲ, ಆ ಹೊರಮೂಲೆ. ಈಗ ಬೆಂಗಳೂರಿನ ಫ್ಲಾಟುಗಳಲ್ಲಿ ಅಡುಗೆಮನೆಗೂ ಊಟದ ಜಾಗಕ್ಕೂ ಮಧ್ಯೆ ಗೋಡೆ ಇರುವುದು ಕಡಿಮೆ. ಹಾಗಾಗಿ ಮನೆಯವರೆಲ್ಲ ದಿನಕ್ಕೆ ಎಷ್ಟೋ ಸಲ ಆ ಮೂಲೆ ದಾಟಿಯೇ ಹೋಗಬೇಕು. ಕಟ್ಟೆಯ ಎತ್ತರ ಸುಮಾರು 850 ಮಿ.ಮೀ. ದೊಡ್ಡವರಿಗೆ ಅದು ಸೊಂಟದ ಹತ್ತಿರ ಬರುತ್ತದೆ. ಎರಡು ಮೂರು ವರ್ಷದ ಮಗುವಿಗೆ ಹೆಚ್ಚುಕಡಿಮೆ ಹಣೆಯ ಮಟ್ಟ. ಮೂಲೆ ಚೂಪಾಗಿದ್ದರೆ ಮೈಕಾದ ಅಂಚೂ ಮೊದಲು ಏಳುವುದು ಅಲ್ಲಿಯೇ. ಪಾತ್ರೆ ತಾಗುತ್ತದೆ, ಗ್ಯಾಸ್ ಸಿಲಿಂಡರ್ ಎಳೆಯುವಾಗ ತಾಗುತ್ತದೆ.

ಬಸವನಗುಡಿ, ಮಲ್ಲೇಶ್ವರದ ಹಳೇ ಮನೆಗಳನ್ನು ನೋಡಿದವರಿಗೆ ಇದು ಹೊಸ ವಿಷಯವಲ್ಲ. ಬಾಲ್ಕನಿ ದುಂಡು, ಮೆಟ್ಟಿಲ ಹಿಡಿಕೆ ದುಂಡು. ರೆಡ್ ಆಕ್ಸೈಡ್ ನೆಲ ಗೋಡೆಗೆ ಸೇರುವ ಕಡೆಯನ್ನೂ ಎಷ್ಟೋ ಮನೆಗಳಲ್ಲಿ ದುಂಡಾಗಿಯೇ ತಿದ್ದಿರುತ್ತಾರೆ, ನೀರು ನಿಲ್ಲಬಾರದು, ಪೊರಕೆಗೆ ಕಸ ಸಿಗಬೇಕು ಅಂತ. ಆಗಿನ ಮೇಸ್ತ್ರಿಗಳು ಕೈಯಲ್ಲೇ ಮಾಡಿದ ಕೆಲಸ ಅದು. ನಮ್ಮ ಪ್ಲೈವುಡ್ ಬಾಕ್ಸುಗಳ, ಅಂದರೆ ಕಟ್ಟೆ ಕೆಳಗಿನ ಕಪಾಟುಗಳ, ಕಾಲದಲ್ಲಿ ಎಲ್ಲವೂ ಚೌಕವಾಯಿತು, ಯಾಕೆಂದರೆ ಮೆಷಿನ್ ನೇರವಾಗಿ ಕೊಯ್ಯುತ್ತದೆ. ಮೂಲೆಗೆ, ಕಲ್ಲಿನ ಕೆಳಗೆ, ಮುಖ ಕಾಲು ವೃತ್ತದಂತಿರುವ ಒಂದು ದುಂಡು ಕಂಬ ಕೊಟ್ಟರೆ ಬಾಕ್ಸುಗಳು ಚೌಕವಾಗಿಯೇ ಇರಬಹುದು, ಬಾಗಿಲುಗಳು ನೇರವಾಗಿಯೇ ಇರಬಹುದು. ಬಾಗಿದ ಬಾಗಿಲು ಮಾಡುವ ಖರ್ಚೂ ಇಲ್ಲ, ತಲೆನೋವೂ ಇಲ್ಲ. ನನಗೆ ಈ ಕಂಬ ಇಷ್ಟವಾಗುವುದು ಅದಕ್ಕೇ.

ಎಷ್ಟು ದುಂಡು ಬೇಕು? ಇದನ್ನು ಮನೆಯವರು ಚಿತ್ರ ನೋಡಿ ಹೇಳುತ್ತಾರೆ, ಬಡಗಿ ತನ್ನ ಹತ್ತಿರ ಇರುವ ಅಚ್ಚು ನೋಡಿ ಹೇಳುತ್ತಾನೆ. ಇಬ್ಬರೂ ದಾರಿ ನೋಡಿ ಹೇಳಬೇಕು. 100 ಮಿ.ಮೀ. ರೇಡಿಯಸ್ ಕೊಟ್ಟರೆ ಚೂಪು ಮೂಲೆ ಇದ್ದ ಜಾಗದಿಂದ ಓರೆಗೆ ಅಳೆದಾಗ 41 ಮಿ.ಮೀ. ಒಳಗೆ ಹೋಗುತ್ತದೆ. 50 ಕೊಟ್ಟರೆ 21 ಮಾತ್ರ. 300 ಕೊಟ್ಟರೆ 124 ಮಿ.ಮೀ., ಅಂದರೆ ಹತ್ತಿರ ಹತ್ತಿರ ಐದು ಇಂಚು. ದಾರಿ ಇಕ್ಕಟ್ಟಾಗಿದ್ದರೆ ಈ ಐದು ಇಂಚು ದೊಡ್ಡ ವಿಷಯ. ಆದರೆ 300ರ ಮೂಲೆ ಒಳಗಡೆ ಜಾಗ ತಿನ್ನುತ್ತದೆ, ಅಲ್ಲಿ ಡ್ರಾಯರ್ ಬರುವುದಿಲ್ಲ. ನಮ್ಮ ಸಾಮಾನ್ಯ ಫ್ಲಾಟಿಗೆ 80ರಿಂದ 120ರವರೆಗೆ ಸಾಕು ಅನ್ನುವುದು ನನ್ನ ಅಭಿಪ್ರಾಯ. ಉದಾಹರಣೆಗೆ 100 ಅಂತಲೇ ಇಟ್ಟುಕೊಂಡು ಮುಂದೆ ಹೋಗೋಣ.

ಈಗ ಮುಖ್ಯವಾದ ಮಾತು. ಕಂಬವನ್ನು ಕೊನೆಗೆ ಮಾಡಿ ಸಿಕ್ಕಿಸುವ ಪೀಸ್ ಅಂತ ನೋಡಬೇಡಿ. ಕೆಲಸ ಶುರುವಾಗುವ ಮೊದಲು ಆ ದುಂಡಿನ ಸೆಂಟರ್ ಎಲ್ಲಿ ಬರುತ್ತದೆ ಅಂತ ಗುರುತು ಹಾಕಿ. ಮೇಲಿನ ಕಲ್ಲು, ಮಧ್ಯದ ಕಂಬ, ಕೆಳಗೆ ನೆಲದ ಹತ್ತಿರ ಬಾಕ್ಸಿನ ಕಾಲು ಮುಚ್ಚುವ ಪಟ್ಟಿ, ಅಂದರೆ ಸ್ಕರ್ಟಿಂಗ್, ಮೂರೂ ಅದೇ ಒಂದು ಸೆಂಟರಿನಿಂದ ಹುಟ್ಟಬೇಕು.

ಹೀಗೆ ಮಾಡಿ. ಒಂದು ಹಾಳು ಪ್ಲೈ ತುಂಡು ತಗೊಳ್ಳಿ, ಅದರ ಮೇಲೆ ಮೂಲೆಯನ್ನು ಪೂರ್ತಿ ಅಳತೆಯಲ್ಲೇ ಬರೆಯಿರಿ. ಸ್ಕೇಲ್ ಹಾಕಿ ಚಿಕ್ಕದು ಮಾಡಬೇಡಿ. ಮೊದಲ ಗೆರೆ ಬಾಗಿಲಿನ ಮುಖದ್ದು. ಇಲ್ಲಿ ಜಾಸ್ತಿ ಜನ ಬಾಕ್ಸಿನ ಮುಖದಿಂದ ಶುರು ಮಾಡುತ್ತಾರೆ. ನಮ್ಮಲ್ಲಿ ಬಾಗಿಲು ಬಾಕ್ಸಿನ ಮೇಲೆ ಕೂರುತ್ತದೆ. 18 ಮಿ.ಮೀ. ಬಾಗಿಲು, ಅದರ ಹಿಂದೆ ಬಡಿಯದಂತೆ ಅಂಟಿಸುವ ಸಣ್ಣ ಬಂಪರಿಗೆ 2 ಮಿ.ಮೀ., ಒಟ್ಟು 20. ಕಂಬದ ಮುಖ ಬಾಗಿಲಿನ ಮುಖಕ್ಕೆ ಸಮವಾಗಿ ಬರಬೇಕಾದರೆ ಅದು ಬಾಕ್ಸಿನಿಂದ 20 ಮಿ.ಮೀ. ಹೊರಗೆ ನಿಲ್ಲಬೇಕು. ಎರಡೂ ಬದಿಯ ಬಾಗಿಲಿನ ಮುಖದ ಗೆರೆ ಎಳೆದು, ಅಲ್ಲಿಂದ 100 ಒಳಗೆ ಅದಕ್ಕೆ ಸಮಾನಾಂತರವಾಗಿ ಇನ್ನೊಂದೊಂದು ಗೆರೆ ಎಳೆದರೆ, ಆ ಒಳಗಿನ ಎರಡು ಗೆರೆ ಕೂಡುವ ಜಾಗವೇ ಸೆಂಟರ್. ಅಲ್ಲಿ ಒಂದು ಮೊಳೆ ಹೊಡೆಯಿರಿ. ಒಂದು ರೀಪಿಗೆ ತೂತು ಮಾಡಿ ಆ ಮೊಳೆಗೆ ಸಿಕ್ಕಿಸಿದರೆ ನಿಮ್ಮ ಕೈವಾರ ತಯಾರು.

ಆ ಒಂದು ಮೊಳೆಯಿಂದ ಮೂರು ಗೆರೆ ಎಳೆಯಬೇಕು. 100ಕ್ಕೆ ಕಂಬ. ಗ್ರಾನೈಟ್ ಬಾಗಿಲಿಗಿಂತ 25 ಮಿ.ಮೀ. ಮುಂದೆ ಬರುತ್ತದೆ ಅಂದರೆ 125ಕ್ಕೆ ಕಲ್ಲು. ಸ್ಕರ್ಟಿಂಗ್ 60 ಹಿಂದೆ ಇದ್ದರೆ 40ಕ್ಕೆ ಸ್ಕರ್ಟಿಂಗ್. ಅಷ್ಟೇ. ಕಲ್ಲಿನವರಿಗೆ "ಮೂಲೆ ದುಂಡು ಮಾಡಿ" ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಅವರೂ ನಿಮ್ಮ ಹಾಗೆ 100 ಅಂತಲೇ ಹಾಕುತ್ತಾರೆ. ಆಗ ಎರಡು ಬದಿಯಲ್ಲಿ ಕಲ್ಲು 25 ಮುಂದೆ ಇರುತ್ತದೆ, ಮೂಲೆಯ ನಡುವೆ ಮಾತ್ರ 35 ಆಗುತ್ತದೆ. ಟೇಪ್ ಹಿಡಿಯದವರಿಗೂ ಅದು ಕಾಣುತ್ತದೆ. ಏನೋ ಸರಿಯಿಲ್ಲ ಅನ್ನುತ್ತಾರೆ, ಏನು ಅಂತ ಅವರಿಗೆ ಹೇಳಲು ಬರುವುದಿಲ್ಲ. ಹಾಗಾಗಿ 125ರ ಅಚ್ಚನ್ನು ನೀವೇ 6 ಮಿ.ಮೀ. ಪ್ಲೈನಲ್ಲಿ ಕೊಯ್ದು ಕಲ್ಲಿನವರ ಕೈಗೆ ಕೊಡಿ. ಜಿಗಣಿಯಲ್ಲಿ ಕಲ್ಲು ಕೊಯ್ಯಿಸಿದರೂ ಸರಿ, ಸೈಟಿನಲ್ಲೇ ಗ್ರೈಂಡರ್ ಹಿಡಿದು ಮಾಡಿದರೂ ಸರಿ, ಅಚ್ಚು ಇದ್ದರೆ ಅವರಿಗೂ ಅನುಕೂಲ.

ಸ್ಕರ್ಟಿಂಗ್ ಬಗ್ಗೆ ಒಂದು ಎಚ್ಚರಿಕೆ. ಕಂಬದ ರೇಡಿಯಸ್ 50 ಇಟ್ಟು ಸ್ಕರ್ಟಿಂಗನ್ನು 60 ಹಿಂದೆ ಇಟ್ಟರೆ ಅದಕ್ಕೆ ದುಂಡು ಬರಲು ಜಾಗವೇ ಇಲ್ಲ, ಚೂಪು ಮೂಲೆಯಾಗುತ್ತದೆ. ಹಾಗಿದ್ದಲ್ಲಿ ಕಂಬವನ್ನು ನೆಲದವರೆಗೆ ಇಳಿಸಿ, ಸ್ಕರ್ಟಿಂಗ್ ಅದರ ಹಿಂದೆ ಬಂದು ಮುಟ್ಟಲಿ. ನೋಡಲೂ ಚೆನ್ನ. ಆದರೆ ನಮ್ಮ ಮನೆಗಳಲ್ಲಿ ನೆಲ ಒರೆಸುವುದಷ್ಟೇ ಅಲ್ಲ, ಹಬ್ಬಕ್ಕೆ ತೊಳೆಯುತ್ತಾರೆ. ಕಂಬದ ತಳಕ್ಕೆ ಎರಡು ಸಲ ಎಪಾಕ್ಸಿ ಹಚ್ಚಿ, ಅದು ನೆಲದಿಂದ ಸ್ವಲ್ಪ ಮೇಲೆ ನಿಲ್ಲುವ ಹಾಗೆ ಪ್ಲಾಸ್ಟಿಕ್ ಕಾಲು ಕೊಡಿ. ಕೆಳಗಿನ ಭಾಗಕ್ಕೆ ಸಾದಾ ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬೇಡವೇ ಬೇಡ, ನೀರು ಕುಡಿದರೆ ಊದಿಕೊಳ್ಳುತ್ತದೆ.

ಇನ್ನು ಕಂಬ ಮಾಡುವ ದಾರಿಗಳು. ಚಿಕ್ಕ ದುಂಡಿಗೆ, ಅಂದರೆ 25, 30 ಮಿ.ಮೀ.ಗೆ, ಜಾಸ್ತಿ ಯೋಚನೆ ಬೇಡ. ಗಟ್ಟಿ ಮರದ ಒಂದು ಕಂಬ ತಗೊಂಡು ರೌಟರ್ ಮೆಷಿನ್ನಿನಲ್ಲಿ ಅಂಚು ದುಂಡಾಗಿ ಹೊಡೆಯಿರಿ, ಇಲ್ಲವೇ ತೋಪಡದಲ್ಲಿ ಕೀಸಿ.

ಲೇತಿನಲ್ಲಿ, ಅಂದರೆ ಮರವನ್ನು ತಿರುಗಿಸಿ ಕಡೆಯುವ ಮೆಷಿನ್ನಿನಲ್ಲಿ, ಮಾಡುವುದೂ ಒಂದು ದಾರಿ. ನಾಲ್ಕು ಚೌಕ ತುಂಡುಗಳನ್ನು ಮಧ್ಯೆ ಕಾಗದ ಇಟ್ಟು ಅಂಟಿಸಿ, ಒಂದು ಉರುಳೆಯಾಗಿ ಕಡೆದು, ಆಮೇಲೆ ಉಳಿ ಇಟ್ಟು ತಟ್ಟಿದರೆ ಕಾಗದದ ಕಡೆ ಬಿಟ್ಟುಕೊಂಡು ನಾಲ್ಕು ಕಾಲುಭಾಗಗಳು ಸಿಗುತ್ತವೆ. ಉರುಳೆಯನ್ನು ಗರಗಸದಲ್ಲಿ ಕೊಯ್ದರೆ ಗರಗಸದ ದಪ್ಪದಷ್ಟು ಮರ ಹೋಗುತ್ತದೆ, ಪೂರ್ತಿ ಕಾಲು ವೃತ್ತ ಸಿಗುವುದಿಲ್ಲ. ಕಾಗದ ಇಡುವುದು ಅದಕ್ಕೆ. ತುದಿಗಳಿಗೆ ಸ್ಕ್ರೂ ಹಾಕಿ ಬಿಗಿ ಮಾಡದೆ ಲೇತ್ ತಿರುಗಿಸಬೇಡಿ, ವೇಗವೂ ಕಡಿಮೆ ಇರಲಿ. ಮೈಸೂರು ರಸ್ತೆಯಲ್ಲಿ 60 ಕಿಲೋಮೀಟರ್ ಹೋದರೆ ಚನ್ನಪಟ್ಟಣ. ಮರ ಕಡೆಯುವುದರಲ್ಲಿ ಅಲ್ಲಿಯವರ ಕೈ ಎಂಥದ್ದು ಅಂತ ಆಟಿಕೆ ನೋಡಿದವರಿಗೆಲ್ಲ ಗೊತ್ತು. ಕಂಬದ ಮೇಲೆ ಗೆರೆ, ಬಳೆ, ಕುಸುರಿ ಬೇಕು ಅನ್ನುವವರಿಗೆ ಲೇತಿನ ಕೆಲಸವೇ ಸರಿ. ಸಾದಾ ದುಂಡಿಗೆ ಅಷ್ಟು ದಪ್ಪ ಮರ ಹಾಕುವುದು ನನಗೆ ಒಪ್ಪಿಗೆಯಿಲ್ಲ. ದಪ್ಪ ಮರ ಒಳಗೆ ಒಣಗಲು ತುಂಬಾ ಕಾಲ ಬೇಕು, ಅದು ಆಮೇಲೆ ಸೀಳುತ್ತದೆ.

ಹಲಗೆಯ ಹಿಂದೆ ಗರಗಸದ ಗೀರು ಹಾಕಿ ಬಗ್ಗಿಸುವುದು ಸೈಟಿನಲ್ಲಿ ಎಲ್ಲರೂ ಮಾಡುವ ಕೆಲಸ. ಆದರೆ ಎಷ್ಟು ಗೀರು ಅಂತ ಕೇಳಿದರೆ ಕಣ್ಣಂದಾಜು ಅನ್ನುತ್ತಾರೆ. ಅದಕ್ಕೊಂದು ಲೆಕ್ಕ ಇದೆ, ತುಂಬಾ ಚೆಂದದ ಲೆಕ್ಕ. 18 ಮಿ.ಮೀ. ಹಲಗೆಯಲ್ಲಿ ಮುಂದೆ 2 ಮಿ.ಮೀ. ಉಳಿಸಿ 16 ಆಳ ಗೀರು ಹಾಕಿದಿರಿ ಅಂದುಕೊಳ್ಳಿ. ಕಾಲು ವೃತ್ತ ಬಗ್ಗಿಸಿದಾಗ ಒಳಬದಿ ಹೊರಬದಿಗಿಂತ 16ರ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ, ಅಂದರೆ 25 ಮಿ.ಮೀ. ಗಿಡ್ಡವಾಗಬೇಕು. ಬ್ಲೇಡ್ 3 ಮಿ.ಮೀ. ದಪ್ಪ ಇದ್ದರೆ 9 ಗೀರು. ರೇಡಿಯಸ್ 100 ಇರಲಿ, 300 ಇರಲಿ, ಅದೇ 9. ಬದಲಾಗುವುದು ಗೀರುಗಳ ನಡುವಿನ ಅಂತರ ಮಾತ್ರ. 100ಕ್ಕೆ ದುಂಡಿನ ಉದ್ದ 157 ಮಿ.ಮೀ., ಹಾಗಾಗಿ ಸುಮಾರು 17ಕ್ಕೊಂದು ಗೀರು.

ಇಲ್ಲೇ ತೊಂದರೆ ಇರುವುದು. ಎರಡು ಗೀರುಗಳ ನಡುವಿನ ಹಲಗೆ ಬಗ್ಗುವುದಿಲ್ಲ, ಚಪ್ಪಟೆಯಾಗಿಯೇ ಇರುತ್ತದೆ. 17 ಮಿ.ಮೀ. ಚಪ್ಪಟೆ ಅಂದರೆ ನಡುವೆ ದುಂಡಿಗಿಂತ 0.4 ಮಿ.ಮೀ. ತಗ್ಗು. 0.4 ಏನು ಮಹಾ ಅನ್ನಿಸಬಹುದು. ಹೊಳೆಯುವ ಪಿಯು ಪೇಂಟ್ ಹೊಡೆದು ಮೇಲೆ ಎಲ್‌ಇಡಿ ದೀಪ ಹಾಕಿ ನೋಡಿ. ದೀಪದ ಗೆರೆ ಮುರಿದು ಮುರಿದು ಕಾಣುತ್ತದೆ. 300 ರೇಡಿಯಸ್‌ಗೆ ಅದೇ 9 ಗೀರು ಹಾಕಿದರೆ ತಗ್ಗು 1 ಮಿ.ಮೀ. ದಾಟುತ್ತದೆ. ದೊಡ್ಡ ದುಂಡು ಸುಲಭ ಅಂದುಕೊಳ್ಳುತ್ತೇವೆ, ಗೀರಿನ ಕೆಲಸದಲ್ಲಿ ಅದು ಉಲ್ಟಾ. ಒಂದೂವರೆ ಮಿ.ಮೀ. ಬ್ಲೇಡ್ ಹಾಕಿ 17 ಗೀರು ಮಾಡಿದರೆ 100ರ ದುಂಡಿನಲ್ಲಿ ತಗ್ಗು 0.1ಕ್ಕೆ ಇಳಿಯುತ್ತದೆ, ಅಷ್ಟನ್ನು ಪ್ರೈಮರ್ ಮತ್ತು ಪುಟ್ಟಿ ಮುಚ್ಚುತ್ತವೆ. ಬಗ್ಗಿಸಿದ ಮೇಲೆ ಹಿಂದೆ ಒಂದು ತೆಳು ಪ್ಲೈ ಅಂಟಿಸಿ ಭದ್ರ ಮಾಡಿ, ಇಲ್ಲದಿದ್ದರೆ ಸೊಂಟ ತಾಗಿದಾಗ ಆ 2 ಮಿ.ಮೀ. ಮುಖ ಒಳಗೆ ಕೂರುತ್ತದೆ.

ಫ್ಲೆಕ್ಸಿ ಪ್ಲೈ, ಅಂದರೆ ಸುಲಭವಾಗಿ ಬಗ್ಗುವ ಪ್ಲೈವುಡ್, ಇದಕ್ಕಿಂತ ನಯ. ಸಿದ್ದಯ್ಯ ರಸ್ತೆಯ ಕಡೆ ಪ್ಲೈವುಡ್ ಅಂಗಡಿಗಳಲ್ಲಿ ಕೇಳಿ. ಕೇಳುವಾಗ ಉದ್ದಕ್ಕೆ ಬಗ್ಗುವುದೋ ಅಡ್ಡಕ್ಕೆ ಬಗ್ಗುವುದೋ ಅಂತ ಅಂಗಡಿಯಲ್ಲೇ ಹಾಳೆ ಬಗ್ಗಿಸಿ ನೋಡಿ ತಗೊಳ್ಳಿ. 4 ಮಿ.ಮೀ.ಯ ಮೂರು ಪದರ ಅಚ್ಚಿನ ಮೇಲೆ ಒಂದರ ಮೇಲೊಂದು ಅಂಟಿಸಿದರೆ 12 ಮಿ.ಮೀ. ಗಟ್ಟಿ ಗೋಡೆಯಾಗುತ್ತದೆ. ಹೊರಪದರಕ್ಕೂ ಒಳಮುಖಕ್ಕೂ ಉದ್ದದಲ್ಲಿ 19 ಮಿ.ಮೀ. ವ್ಯತ್ಯಾಸ ಬರುತ್ತದೆ, ಹಾಗಾಗಿ ಹಾಳೆಗಳನ್ನು ದೊಡ್ಡದಾಗಿಯೇ ಕೊಯ್ದು ಆಮೇಲೆ ತುದಿ ಸವರಿ. ಕ್ಲಾಂಪ್ ಸಾಲದಿದ್ದರೆ ಹಳೇ ಸೈಕಲ್ ಟ್ಯೂಬ್ ಸೀಳಿ, ಎಳೆದು ಎಳೆದು ಸುತ್ತಿ. ಕ್ಲಾಂಪ್ ಒಂದು ಕಡೆ ಒತ್ತುತ್ತದೆ, ಟ್ಯೂಬ್ ಎಲ್ಲ ಕಡೆಯೂ ಒತ್ತುತ್ತದೆ. ಒಂದು ರಾತ್ರಿ ಪೂರ್ತಿ ಬಿಡಿ. ಅಚ್ಚಿನಿಂದ ತೆಗೆದಾಗ ಸ್ವಲ್ಪ ಬಿಚ್ಚಿಕೊಳ್ಳುತ್ತದೆ, ಅದಕ್ಕೆ ಅಚ್ಚನ್ನೇ ಒಂದು ಕೂದಲು ಚಿಕ್ಕದಾಗಿ ಮಾಡಿರಬೇಕು. ಮೈಕಾ ಅಂಟಿಸುವವರು ಪೋಸ್ಟ್‌ಫಾರ್ಮಿಂಗ್ ಮೈಕಾ ಅಂತಲೇ ಕೇಳಿ ತನ್ನಿ, ಅದು ಬಿಸಿಗೆ ಬಗ್ಗಲೆಂದೇ ಮಾಡಿದ್ದು. ಸಾದಾ 1 ಮಿ.ಮೀ. ಮೈಕಾವನ್ನು 100ರ ದುಂಡಿಗೆ ಬಲವಂತವಾಗಿ ಬಗ್ಗಿಸಿದರೆ ಸೀಳುತ್ತದೆ. ಸೀಳದಿದ್ದರೂ ಅಂಚಿನಲ್ಲಿ ಎದ್ದು ಬರಲು ಕಾಯುತ್ತಿರುತ್ತದೆ.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ದಾರಿ. ಪಟ್ಟಿ ಜೋಡಿಸಿ ಕೀಸುವುದು. ಪೀಪಾಯಿ ಮಾಡುವವರ ವಿದ್ಯೆ ಇದು. 100 ರೇಡಿಯಸ್‌ಗೆ 6 ಪಟ್ಟಿ ಸಾಕು. 90 ಡಿಗ್ರಿಯನ್ನು 6ರಿಂದ ಭಾಗಿಸಿದರೆ 15, ಅದರ ಅರ್ಧ ಏಳೂವರೆ. ಪ್ರತಿ ಪಟ್ಟಿಯ ಎರಡೂ ಅಂಚನ್ನು ಏಳೂವರೆ ಡಿಗ್ರಿ ಓರೆ ಕೊಯ್ಯಬೇಕು. ಹೊರಮುಖದ ಅಗಲ 26.3 ಮಿ.ಮೀ., ದಪ್ಪ 20 ಇಟ್ಟುಕೊಂಡರೆ ಒಳಮುಖ 21. ಎರಡು ತುದಿಗೆ ಬಾಗಿಲಿನ ಜೊತೆ ಸಮವಾಗಿ ಬರುವ ಎರಡು ಚಪ್ಪಟೆ ಪಟ್ಟಿ, 30 ಅಥವಾ 40 ಮಿ.ಮೀ. ಅಗಲದ್ದು, ಅದರ ಅಂಚು ನೇರ. ಈ ಚಪ್ಪಟೆ ಭಾಗ ಬಿಡಬೇಡಿ. ದುಂಡು ಮುಗಿದ ತಕ್ಷಣ ಬಾಗಿಲು ಶುರುವಾದರೆ ಕಣ್ಣಿಗೆ ಕಿರಿಕಿರಿ.

ಓರೆ ಕೊಯ್ಯುವಾಗ ಗರಗಸದ ಮೇಲಿರುವ ಡಿಗ್ರಿ ಗುರುತನ್ನು ನಂಬಬೇಡಿ. 6 ಪಟ್ಟಿಗೆ 12 ಅಂಚು. ಒಂದೊಂದು ಅಂಚಿಗೆ ಅರ್ಧ ಡಿಗ್ರಿ ತಪ್ಪಿದರೂ ಒಟ್ಟು 6 ಡಿಗ್ರಿ ತಪ್ಪುತ್ತದೆ, 90 ಬರಬೇಕಾದದ್ದು 84 ಬರುತ್ತದೆ. ಹಾಳು ಮರದಲ್ಲಿ ಗಿಡ್ಡ ಪಟ್ಟಿಗಳನ್ನು ಮೊದಲು ಕೊಯ್ದು, ಜೋಡಿಸಿ, ಮೂಲೆಮಟ್ಟ ಇಟ್ಟು ನೋಡಿ. ಸರಿ ಬಂದ ಮೇಲೆ ಒಳ್ಳೆಯ ಮರಕ್ಕೆ ಕೈ ಹಾಕಿ.

ಜೋಡಿಸುವುದು ಹೀಗೆ. ಪಟ್ಟಿಗಳನ್ನು ಹೊರಮುಖ ಮೇಲೆ ಮಾಡಿ ಮೇಜಿನ ಮೇಲೆ ಸಾಲಾಗಿ ಒತ್ತಿ ಇಡಿ. ಅಡ್ಡಕ್ಕೆ ಮಾಸ್ಕಿಂಗ್ ಟೇಪ್ ಎಳೆದು ಅಂಟಿಸಿ, ಒಂದು ಗೇಣಿಗೊಂದರಂತೆ. ಈಗ ಇಡೀ ಸಾಲನ್ನು ಒಟ್ಟಿಗೆ ತಿರುಗಿಸಿ ಮಲಗಿಸಿ. ಪಟ್ಟಿಗಳ ನಡುವೆ ಸಣ್ಣ ಕಾಲುವೆಗಳು ಬಾಯಿ ತೆರೆದುಕೊಂಡಿರುತ್ತವೆ. ಅದರಲ್ಲಿ ಫೆವಿಕಾಲ್ ಹರಿಸಿ. ಆಮೇಲೆ ಎತ್ತಿ ಮಡಿಸಿದರೆ ಕಾಲುವೆಗಳು ತಾವಾಗಿಯೇ ಮುಚ್ಚಿಕೊಂಡು ದುಂಡಾಗುತ್ತವೆ, ಟೇಪೇ ಕ್ಲಾಂಪಿನ ಕೆಲಸ ಮಾಡುತ್ತದೆ. ಒಳಗೆ ಮೇಲೊಂದು, ನಡುವೆ ಒಂದು, ಕೆಳಗೊಂದು ಪ್ಲೈ ಪಕ್ಕೆಲುಬು ಕೊಡಿ. ಈ ಪಕ್ಕೆಲುಬು ದುಂಡಾಗಿ ಬೇಡ. 21 ಮಿ.ಮೀ.ಯ ಆರು ಚಪ್ಪಟೆ ಮುಖ ಇರಲಿ, ಪ್ರತಿ ಪಟ್ಟಿಗೂ ಕೂರಲು ತನ್ನದೇ ಜಾಗ ಸಿಗುತ್ತದೆ.

ಅಂಟು ಒಣಗಿದ ಮೇಲೆ ತೋಪಡ ಹಿಡಿಯುವ ಮುಂಚೆ ಒಂದು ಕೆಲಸ ಮಾಡಿ. ಪ್ರತಿ ಪಟ್ಟಿಯ ಸರಿಯಾದ ನಡುವೆ, ಮೇಲಿಂದ ಕೆಳಗಿನವರೆಗೆ, ಪೆನ್ಸಿಲ್ ಗೆರೆ ಎಳೆಯಿರಿ. ಆ ಗೆರೆ ಈಗಾಗಲೇ 100ರ ದುಂಡಿನ ಮೇಲೆ ಇದೆ. ಎದ್ದಿರುವುದು ಪಟ್ಟಿಗಳು ಕೂಡುವ ಏಣು ಮಾತ್ರ, ಅದೂ 0.9 ಮಿ.ಮೀ.ಗಿಂತ ಕಡಿಮೆ. ಏಣನ್ನು ಕೀಸಿ, ಆಗ ಹುಟ್ಟುವ ಎರಡು ಸಣ್ಣ ಏಣನ್ನು ಕೀಸಿ. ಪೆನ್ಸಿಲ್ ಗೆರೆ ಮಾಸಲು ಶುರುವಾದ ಕಡೆ ನಿಲ್ಲಿಸಿ. ಆರು ಗೆರೆಯೂ ಕೂದಲೆಳೆಯಷ್ಟು ಉಳಿದು, ನಡುವೆ ಏನೂ ಎದ್ದಿಲ್ಲ ಅಂದರೆ ನಿಮ್ಮ ಕಂಬ ದುಂಡಾಗಿದೆ. ಅಳೆಯುವ ಸಲಕರಣೆ ಬೇಕಿಲ್ಲ. 6ರ ಬದಲು 3 ಪಟ್ಟಿ ಹಾಕಿದ್ದರೆ ಏಣು ಮೂರೂವರೆ ಮಿ.ಮೀ. ಎದ್ದಿರುತ್ತಿತ್ತು, ಕೀಸುವ ಕೆಲಸವೂ ಜಾಸ್ತಿ, ಹಾಳಾಗುವ ಮರವೂ ಜಾಸ್ತಿ.

ಕೊನೆಯ ನಯಕ್ಕೆ ಚಪ್ಪಟೆ ಕಟ್ಟಿಗೆಗೆ ಸ್ಯಾಂಡ್ ಪೇಪರ್ ಸುತ್ತಬೇಡಿ. ಅದೇ ದುಂಡಿನ ತಗ್ಗು ಇರುವ, ಒಂದು ಅಡಿ ಉದ್ದದ ಕಟ್ಟಿಗೆ ಮಾಡಿಕೊಂಡು ಅದರೊಳಗೆ ಕಾಗದ ಅಂಟಿಸಿ ಮೇಲಿಂದ ಕೆಳಗೆ ಉಜ್ಜಿ. ಆಮೇಲೆ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಕಂಬಕ್ಕೆ ತಾಗಿಸಿ ಪಕ್ಕದಿಂದ ಬೆಳಕು ಬಿಡಿ. ಕಣ್ಣು ಮುಚ್ಚಿ ಅಂಗೈ ಅಡ್ಡಡ್ಡ ಎಳೆದೂ ನೋಡಿ. ಬೆಳಕಿಗೆ ಸಿಗದ ಏಣು ಅಂಗೈಗೆ ಸಿಗುತ್ತದೆ.

ಮರ ಯಾವುದು ಅಂತ ಕೇಳುತ್ತೀರಿ. ಪೇಂಟ್ ಹೊಡೆಯುವುದಾದರೆ ತೇಗ ಹಾಕಿ ದುಡ್ಡು ಹಾಳು ಮಾಡಬೇಡಿ, ಸಿಲ್ವರ್ ಓಕ್ ಚೆನ್ನಾಗಿ ಒಣಗಿದ್ದರೆ ಸಾಕು. ಮರ ಕಾಣಬೇಕು ಅಂದರೆ ತೇಗ. ಯಾವುದಾದರೂ ತೇವ ನೋಡಿ ತಗೊಳ್ಳಿ. ಮೈಸೂರು ರಸ್ತೆಯ ಟಿಂಬರ್ ಯಾರ್ಡಿನಲ್ಲಿ ಹೊರಗೆ ನಿಲ್ಲಿಸಿದ ಮರ ಮಳೆಗಾಲದಲ್ಲಿ ಒಂದು ಥರ, ಬೇಸಿಗೆಯಲ್ಲಿ ಒಂದು ಥರ. ತೇವದ ಮೀಟರ್ ಶೇಕಡಾ 12ಕ್ಕಿಂತ ಕೆಳಗೆ ತೋರಿಸಬೇಕು. ನಮ್ಮ ಊರಿನ ಹವೆ ಹಿತ ಅಂತ ನಾವು ಹೇಳುತ್ತೇವೆ, ಮರಕ್ಕೆ ಅದು ಅಷ್ಟು ಹಿತವಲ್ಲ. ಮಾರ್ಚಿನಲ್ಲಿ ಒಣಹವೆ, ಆಗಸ್ಟಿನಲ್ಲಿ ಬಟ್ಟೆ ಒಣಗದಷ್ಟು ತೇವ. ತೇಗದಂಥ ಅಲುಗಾಡದ ಮರದಲ್ಲೂ, ತೇವ 4 ಪಾಯಿಂಟ್ ಬದಲಾದರೆ 100 ಮಿ.ಮೀ. ಅಗಲದ ಹಲಗೆ ಮುಕ್ಕಾಲು ಮಿ.ಮೀ.ವರೆಗೆ ಹಿಗ್ಗಿ ಕುಗ್ಗುತ್ತದೆ. ಬೆಳವಣಿಗೆಯ ಉಂಗುರಗಳು ಹಲಗೆಯ ಮುಖಕ್ಕೆ ನೆಟ್ಟಗೆ ನಿಲ್ಲುವ ಹಾಗೆ ಕೊಯ್ದ ಪಟ್ಟಿಯಾದರೆ ಹೆಚ್ಚುಕಡಿಮೆ ಅದರ ಅರ್ಧ. ಪಟ್ಟಿ ಆರಿಸುವಾಗ ತುದಿ ನೋಡಿ ಆರಿಸಿ. ಮಲ್ಲೇಶ್ವರದಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ. ಮರದ ಬಗ್ಗೆ ಕಲಿಯುವ ಆಸೆ ಇರುವ ಹುಡುಗರು ಅಲ್ಲಿನ ಮರಗೆಲಸದ ತರಬೇತಿ ಬಗ್ಗೆ ವಿಚಾರಿಸಿ.

ಹಿಗ್ಗುವ ಮರ, ಹಿಗ್ಗದ ಪ್ಲೈ, ಎರಡನ್ನೂ ಅಂಟಿಸಿ ಮೇಲೆ ಒಂದೇ ಪೇಂಟ್ ಎಳೆದರೆ ಸೇರುವ ಕಡೆ ಬಿರುಕು ಬಂದೇ ಬರುತ್ತದೆ. ನಾನು ನೋಡಿದ ಒಂದು ಮನೆಯಲ್ಲಿ ಹೀಗೇ ಆಗಿತ್ತು. ಮಾಡಿದವರು ಪ್ರತಿ ವರ್ಷ ಬಂದು ಪುಟ್ಟಿ ತುಂಬಿ ಹೋಗುತ್ತಿದ್ದರು, ಮುಂದಿನ ಬೇಸಿಗೆಗೆ ಅದೇ ಗೆರೆ ಮತ್ತೆ ತೆರೆದುಕೊಳ್ಳುತ್ತಿತ್ತು. ಅಲ್ಲಿ ಮುಚ್ಚಲು ಹೋಗಬಾರದು. ಸೇರುವ ಜಾಗದಲ್ಲಿ 3 ಮಿ.ಮೀ. ಗ್ರೂವ್ ಕೊಡಿ, ಬಾಗಿಲಿನ ಸಂದು ಎಷ್ಟಿದೆಯೋ ಅಷ್ಟೇ. ಆಗ ಅದು ಬೇಕಂತಲೇ ಕೊಟ್ಟ ಗೆರೆಯಾಗಿ ಕಾಣುತ್ತದೆ, ಅದರೊಳಗೆ ಮರ ತನ್ನ ಪಾಡಿಗೆ ಓಡಾಡಿಕೊಂಡಿರುತ್ತದೆ. ಕಂಬವನ್ನು ಬಾಕ್ಸಿಗೆ ಒಳಗಿನಿಂದ ಸ್ಕ್ರೂ ಹಾಕಿ ಕೂರಿಸಿ, ಅಂಟು ಬೇಡ. ನಾಳೆ ಬಿಚ್ಚಬೇಕಾದರೂ ಬಿಚ್ಚಬಹುದು.

ಇನ್ನೊಂದು ಮಾತು, ಇದು ಗಂಭೀರ. ಕಂಬದ ಒಳಗೆ ಟೊಳ್ಳು ಇದೆಯಲ್ಲ ಅಂತ ಗ್ಯಾಸ್ ಪೈಪನ್ನು ಅದರಲ್ಲಿ ಇಳಿಸುವವರಿದ್ದಾರೆ. ದಯವಿಟ್ಟು ಬೇಡ. ಸಿಲಿಂಡರಿನ ಎಲ್‌ಪಿಜಿ ಗಾಳಿಗಿಂತ ಭಾರ. ಸೋರಿದರೆ ಕೆಳಗೆ ಇಳಿದು ಮುಚ್ಚಿದ ಜಾಗದಲ್ಲಿ ನಿಲ್ಲುತ್ತದೆ, ವಾಸನೆ ಬರುವಷ್ಟರಲ್ಲಿ ತಡವಾಗಿರುತ್ತದೆ.

ಸಭೆಯಲ್ಲಿ ಒಬ್ಬರು ಅಕ್ಕ ಕೇಳಿದರು: ನಮ್ಮ ಮನೆಯಲ್ಲಿ ಕಲ್ಲು ಆಗಲೇ ಕೂರಿಸಿದ್ದಾರೆ, ಮೂಲೆ ದುಂಡು ಮಾಡಿದ್ದಾರೆ, ಎಷ್ಟು ರೇಡಿಯಸ್ ಅಂತ ಯಾರಿಗೂ ಗೊತ್ತಿಲ್ಲ. ಈಗ ಕಂಬ ಹೇಗೆ ಮಾಡಿಸುವುದು?

ಒಳ್ಳೆಯ ಪ್ರಶ್ನೆ ಅಕ್ಕ, ತುಂಬಾ ಮನೆಗಳ ಸ್ಥಿತಿ ಇದೇ. ಒಂದು ದಪ್ಪ ರಟ್ಟು ಕಲ್ಲಿನ ಮೇಲಿಟ್ಟು, ಕೆಳಗಿನಿಂದ ಪೆನ್ಸಿಲ್ಲಿನಲ್ಲಿ ಕಲ್ಲಿನ ಅಂಚನ್ನು ಗುರುತು ಮಾಡಿಕೊಳ್ಳಿ. ರಟ್ಟಿನ ಮೇಲೆ ಬಂದ ದುಂಡಿನಲ್ಲಿ ಎರಡು ಬಿಂದು ಹಿಡಿದು ನೇರ ಗೆರೆ ಎಳೆಯಿರಿ, ಅದು 100 ಮಿ.ಮೀ. ಇರಲಿ. ಎರಡು ಬಿಂದುವೂ ದುಂಡಿನ ಭಾಗದಲ್ಲೇ ಇರಬೇಕು, ಚಪ್ಪಟೆ ಭಾಗಕ್ಕೆ ಹೋಗಬಾರದು. ಗೆರೆಯ ನಡುವಿನಿಂದ ದುಂಡಿನವರೆಗೆ ಎಷ್ಟು ಎತ್ತರ ಇದೆ ಅಂತ ಅಳೆಯಿರಿ. 10 ಮಿ.ಮೀ. ಬಂತು ಅಂದುಕೊಳ್ಳಿ. ಗೆರೆಯ ಉದ್ದವನ್ನು ಅದರಿಂದಲೇ ಗುಣಿಸಿ, 10,000. ಅದನ್ನು ಎತ್ತರದ ಎಂಟರಷ್ಟರಿಂದ, ಅಂದರೆ 80ರಿಂದ ಭಾಗಿಸಿ, 125. ಅದಕ್ಕೆ ಎತ್ತರದ ಅರ್ಧ, 5 ಸೇರಿಸಿ. ನಿಮ್ಮ ಕಲ್ಲಿನ ರೇಡಿಯಸ್ 130. ಬೇರೆ ಎರಡು ಕಡೆ ಇದೇ ಥರ ಅಳೆದು ನೋಡಿ, ಕೈಯಲ್ಲಿ ಉಜ್ಜಿದ ಕಲ್ಲು ಎಲ್ಲ ಕಡೆ ಒಂದೇ ಥರ ಇರುವುದಿಲ್ಲ, ಸರಾಸರಿ ತಗೊಳ್ಳಿ. ಕಲ್ಲು ಬಾಗಿಲಿನ ಮುಖಕ್ಕಿಂತ 25 ಮುಂದೆ ಇದ್ದರೆ ಕಂಬದ ರೇಡಿಯಸ್ 105. ಆ ರಟ್ಟಿನ ಮೇಲೆಯೇ ಅದನ್ನೂ ಬರೆದು ಬಡಗಿಯ ಕೈಗೆ ಕೊಡಿ, ಫೋನಿನಲ್ಲಿ ನಂಬರ್ ಮಾತ್ರ ಹೇಳಬೇಡಿ.